ಬೆಂದ ಭತ್ತ ಮತ್ತು ಅಮ್ಮಮ್ಮನ ನಿದ್ದೆ

ನಿದ್ದೆಯ ಮುಂದೆ ಮನುಷ್ಯರೆಲ್ಲ ಸಮಾನರು. ಒಡೆಯನಿಗೂ ಒಕ್ಕಲಿಗೂ, ಪಂಡಿತನಿಗೂ ಪಾಮರನಿಗೂ ಅದು ಭೇದವೆಣಿಸದೆ ತನ್ನ ಸೆರಗು ಹೊದಿಸುತ್ತದೆ ಎಂದು ತಿಳಿದವರು ಗಂಭೀರವಾಗಿ ಹೇಳುವುದುಂಟು. ಹಾಗೆ ಹೇಳಿದವರಿಗೆ ಮೊಣಗಂಟು ಇರಲಿಲ್ಲವೆಂದು ಕಾಣುತ್ತದೆ. ನಾನು ಹುಟ್ಟಿ ಬೆಳೆದ ಹೆಮ್ಮಾಡಿ ಕಡೆಯ ಮನೆಯಲ್ಲಿ ನಿದ್ದೆ ಎನ್ನುವುದು ವಯಸ್ಸಿನ ಪ್ರಕಾರ ಹಂಚಿಕೆಯಾಗುತ್ತಿತ್ತು. ಮಕ್ಕಳಾದ ನಮಗೆ ಚಾಪೆ ಬಿಚ್ಚುವಷ್ಟರಲ್ಲಿ ಬರುತ್ತಿತ್ತು. ಅಮ್ಮನಿಗೆ ಕೆಲಸ ಮುಗಿದ ಮೇಲೆ ಬರುತ್ತಿತ್ತು. ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ, ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಇವರಿಬ್ಬರನ್ನೂ ಹೆತ್ತ ಅಮ್ಮಮ್ಮನ ಬಳಿಗೆ ಅದು ಬರುವುದನ್ನೇ ಬಿಟ್ಟಿತ್ತು.

ಅಮ್ಮಮ್ಮ ಮಲಗುತ್ತಿದ್ದುದು ಅಡುಗೆಮನೆಗೂ ಭತ್ತದ ಕೋಣೆಗೂ ನಡುವಿನ ಸಣ್ಣ ಕೋಣೆಯಲ್ಲಿ. ಮಲಗುತ್ತಿದ್ದುದು ಎಂದರೆ ಗೌರವಕ್ಕೆ ಹೇಳುವ ಮಾತು. ಕಾಲು ಚಾಚಿದರೆ ಗಂಟು ಬಿಗಿಯುತ್ತಿತ್ತು, ಮಡಚಿದರೆ ಬಿಚ್ಚುತ್ತಿರಲಿಲ್ಲ, ಮಗ್ಗುಲಾದರೆ ಒಂದರ ಮೇಲೊಂದು ಕೂತ ಮಂಡಿಗಳು ಪರಸ್ಪರ ಜಗಳ ತೆಗೆಯುತ್ತಿದ್ದವು. ಆದ್ದರಿಂದ ಗೋಡೆಗೆ ಒರಗಿ ಕೂತು ಅವಳು ಮನೆಯನ್ನು ಆಳುತ್ತಿದ್ದಳು. ಹಟ್ಟಿಯ ಬಾಗಿಲು ಸರಿಯಾಗಿ ಹಾಕಿಲ್ಲವೆಂಬುದು, ಬಚ್ಚಲೊಲೆಯ ಕೆಂಡ ಆರಿಲ್ಲವೆಂಬುದು, ಯಾವ ಎಮ್ಮೆ ಎಷ್ಟು ಸಲ ಕೆಮ್ಮಿತು ಎಂಬುದು ಬೆಳಗಾಗುವಾಗ ಅವಳಿಗೆ ಗೊತ್ತಿರುತ್ತಿತ್ತು. ಊರಿನಲ್ಲಿ ನಮ್ಮ ಮನೆಗೆ ಕಳ್ಳರು ಬಂದದ್ದೇ ಇಲ್ಲ ಎಂದು ನಾವು ಹೆಮ್ಮೆಪಡುತ್ತಿದ್ದೆವು. ಬರಲು ಅವರಿಗೆ ಅವಕಾಶವಾದರೂ ಎಲ್ಲಿತ್ತು? ನೋವಿದೆ ಎಂಬ ಮಾತು ಮಾತ್ರ ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ನಿದ್ದೆ ಬಾರದ್ದಕ್ಕೆ ಅಪರಾಧಿಗಳು ಹೊರಗಿನವರೇ ಆಗಬೇಕಿತ್ತು: ಇಲಿ, ಗೂಬೆ, ತೆಂಗಿನ ಮಡಲು, ಮಗ. ಗಂಜಿಗೆ ಕೂತಾಗ ಮಾವ ಕೇಳುವುದೂ ಅವಳು ಉತ್ತರಿಸುವುದೂ ಸಂಧ್ಯಾವಂದನೆಯಷ್ಟು ನಿಯಮಿತವಾಗಿತ್ತು.

"ಅಮ್ಮ, ರಾತ್ರಿ ನಿದ್ರಿ ಬಂತಾ?"

"ಬಪ್ಪುಕೆ ನೀನ್ ಬಿಟ್ರಲ್ದಾ! ನಿನ್ ಗೊರಕಿ ಕೇಂಡ್ ಕುಂದಾಪ್ರದ್ ಬಸ್ ಅಂಗ್ಳಕ್ಕೇ ಬಂತ್ ಅಂದೇಳಿ ಎದ್ದ್ ಕೂಕಂಡೆ."

"ಕಾಲ್ ನೋಯ್ತಾ?"

"ನೋವೆಲ್ಲ ಇಲ್ಲೆ. ಚೂರ್ ಬಿಗಿ."

ಈ 'ಚೂರು ಬಿಗಿ'ಯ ವಿರುದ್ಧ ಮಾವ ಹೂಡಿದ ಯುದ್ಧಗಳು ಹಲವು. ಅವನು ಪ್ರಾಯದಲ್ಲಿ ಬೊಂಬಾಯಿಯ ಹೋಟೆಲೊಂದರಲ್ಲಿ ವರ್ಷಗಟ್ಟಲೆ ನಿಂತೇ ದುಡಿದು, ನಲವತ್ತು ದಾಟಿದ ಮೇಲೆ ಊರಿಗೆ ಬಂದು ಗದ್ದೆ ನೋಡಿಕೊಂಡವನು. ಜಗತ್ತಿನ ಯಾವ ತೊಂದರೆಗೂ ಒಂದು ಸಾಮಾನು ತಂದರೆ ಪರಿಹಾರವಿದೆ ಎಂಬ ನಂಬಿಕೆಯನ್ನು ಅಲ್ಲಿಂದಲೇ ತಂದಿದ್ದ. ಸಿದ್ದಾಪುರದ ಕಡೆಯಿಂದ ಎಣ್ಣೆ ತರಿಸಿದ. ಅದರ ಘಾಟಿಗೆ ಇಲಿಗಳು ಮನೆ ಬಿಟ್ಟವು, ಬಿಗಿ ಬಿಡಲಿಲ್ಲ. ಕೊನೆಗೆ ಒಂದು ಸ್ಪ್ರಿಂಗಿನ ಮಂಚವನ್ನೇ ಬಸ್ಸಿನ ಮಾಡಿನ ಮೇಲೆ ಹೇರಿಸಿಕೊಂಡು ಬಂದ. ಊರಿನವರು ಸಾಲಾಗಿ ಬಂದು ಅದನ್ನು ಒತ್ತಿ ನೋಡಿ ಹೋದರು. ಅಮ್ಮಮ್ಮ ಶಾಸ್ತ್ರೋಕ್ತವಾಗಿ ಅದರ ಮೇಲೆ ಮಲಗಿದಳು. ಮಂಚ ಅಷ್ಟೇ ಶಾಸ್ತ್ರೋಕ್ತವಾಗಿ ಅವಳನ್ನು ನಡುವಿಗೆ ಎಳೆದುಕೊಂಡಿತು. ಕಾಲೂ ತಲೆಯೂ ಮೇಲೆ, ಉಳಿದ ಅಮ್ಮಮ್ಮ ಕೆಳಗೆ.

"ಹ್ವಾಯ್, ಯಾರಾರೂ ಬನ್ನಿಯೇ! ಇದ್ ಮಂಚ ಅಲ್ಲ, ಹೊಂಡ!"

ಮಾವನೂ ಅಮ್ಮನೂ ಸೇರಿ ಅವಳನ್ನು ಹೊರಗೆ ತೆಗೆದರು. ಮಂಚ ಉಪ್ಪರಿಗೆಗೆ ಹೋಗಿ ಹಲಸಿನ ಹಪ್ಪಳದ ಪಾಲಾಯಿತು. ಮಧ್ಯಾಹ್ನ ಉಂಡ ಮೇಲೆ ಮಾವ 'ಲೆಕ್ಕ ಯೋಚನೆ ಮಾಡಲು' ಉಪ್ಪರಿಗೆಗೆ ಹೋಗುತ್ತಿದ್ದ. ಹಪ್ಪಳಗಳ ನಡುವೆ ಒಬ್ಬ ಮನುಷ್ಯನ ಅಳತೆಯ ಖಾಲಿ ಜಾಗವಿರುವುದನ್ನು ನಾನು ಕಂಡಿದ್ದೆ. ಆಗ ಅದರ ಅರ್ಥ ಹೊಳೆದಿರಲಿಲ್ಲ.

ಇಲ್ಲಿ ನಮ್ಮ ಮನೆಯ ದಂಡಸಂಹಿತೆಯ ವಿಷಯ ಸ್ವಲ್ಪ ಹೇಳಬೇಕು. ಅದರಲ್ಲಿ ಕಲಮುಗಳು ಬಹಳ, ಬರೆದಿಟ್ಟವರು ಯಾರೂ ಇಲ್ಲ, ಜಾರಿ ಮಾಡುವವಳು ಅಮ್ಮಮ್ಮ. ಎಲ್ಲಕ್ಕಿಂತ ಮೇಲಿನ ಕಲಮು ಕಾಲು ಮತ್ತು ಅನ್ನದ ಸಂಬಂಧದ್ದು. ಅಕ್ಕಿಯ ಒಂದು ಕಾಳು ಕಾಲಿಗೆ ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಆದರೆ ಕುಚ್ಚಲಕ್ಕಿ ಉಣ್ಣುವ ನಮ್ಮ ಸೀಮೆಯಲ್ಲಿ ಈ ಕಾನೂನಿಗೆ ಒಂದು ದೊಡ್ಡ ತೊಡಕಿತ್ತು. ಭತ್ತವನ್ನು ಹಿಂದಿನ ದಿನ ನೆನೆಹಾಕಿ, ನಸುಕಿನಲ್ಲಿ ಅಂಗಳದ ಒಲೆಯ ಮೇಲೆ ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ಬೇಯಿಸಿ, ನೀರು ಬಸಿದು ರಾಶಿ ಹಾಕಿ, ಮತ್ತೆ ಚಾಪೆಯ ಮೇಲೆ ಹರಡಿ ಒಣಗಿಸಬೇಕು. ಒಣಗುವಾಗ ಅದನ್ನು ಆಗಾಗ ಮಗುಚಬೇಕು, ಮಗುಚುವುದು ಕಾಲಿನಿಂದಲೇ. ಕಾಲು ತೊಳೆದುಕೊಂಡು, ಪಾದ ಎತ್ತದೆ ಎಳೆಯುತ್ತಾ ಆ ತುದಿಯಿಂದ ಈ ತುದಿಗೆ ನಡೆದರೆ ಭತ್ತದಲ್ಲಿ ಗದ್ದೆಯ ಸಾಲಿನಂತೆ ಸಾಲು ಮೂಡುತ್ತದೆ. ಹಾಗಾದರೆ ಆ ಕಲಮು ಏನಾಯಿತು? ನಾನು ತೀರ ಸಣ್ಣವಳಿದ್ದಾಗ, ಈ ಪ್ರಶ್ನೆಗೆ ನನ್ನದೇ ಉತ್ತರ ಕಂಡುಕೊಂಡು, ಗೋಣಿ ಮುಚ್ಚಿದ ಬಿಸಿ ರಾಶಿಯ ಮೇಲೆ ಹೋಗಿ ಕೂತಿದ್ದೆ. ಅಂಥ ಸುಖದ ಆಸನ ನನಗೆ ಈ ವಯಸ್ಸಿನ ತನಕ ಮತ್ತೆ ಸಿಕ್ಕಿಲ್ಲ. ಅದರಿಂದ ಮೇಲೆದ್ದದ್ದು ನನ್ನ ಸ್ವಂತ ಬಲದಿಂದಲ್ಲ, ಕಿವಿಯ ಮೂಲಕ.

"ಅನ್ನದ್ ಮೇಲ್ ಕೂಕಂತ್ಯಾ ಹೆಣೆ? ಅದೆಂತ ನಿನ್ ಮಣೆಯಾ?"

"ನೀವೆಲ್ಲ ಮೆಟ್ತ್ರಿ ಅಲ್ದಾ?"

"ಕೆಲ್ಸಕ್ಕೆ ಮೆಟ್ಟುದಕ್ಕೆ ದೋಷ ಇಲ್ಲ. ಸುಖಕ್ಕೆ ಮೆಟ್ಟುಕಾಗ."

ಕೆಲಸಕ್ಕಾದರೆ ಸರಿ, ಸುಖಕ್ಕಾದರೆ ತಪ್ಪು. ನನ್ನ ಬದುಕಿನ ಮುಕ್ಕಾಲು ಪಾಲು ತೀರ್ಮಾನಗಳು ಈ ಒಂದು ವಾಕ್ಯದಿಂದ ಆಗಿವೆ. ಅವು ಕೆಟ್ಟವೆಂದು ಹೇಳಲಾರೆ. ರಾಶಿಗೆ ಅಡ್ಡಬಿದ್ದು ನಮಸ್ಕಾರ ಮಾಡಿಸಿ ಅಮ್ಮಮ್ಮ ಪ್ರಕರಣ ಮುಗಿಸಿದಳು.

ಅದಾಗಿ ಕೆಲವು ವರ್ಷಗಳ ಮೇಲೆ, ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ, ಜಗಲಿಯಲ್ಲಿ ಕಂಡ ದೃಶ್ಯ ನನ್ನನ್ನು ನಿಲ್ಲಿಸಿಬಿಟ್ಟಿತು. ನಮ್ಮ ಜಗಲಿ ಅಂಗಳದಿಂದ ಮಂಡಿಯೆತ್ತರ. ಅದರ ಅಂಚಿನಲ್ಲಿ ಅಮ್ಮಮ್ಮ ಕಂಬಕ್ಕೆ ಒರಗಿ ಕಾಲು ಇಳಿಬಿಟ್ಟು ಕೂತಿದ್ದಳು. ಬೆಂದ ಭತ್ತದ ರಾಶಿಯನ್ನು ಜಗಲಿಗೆ ತಾಗಿಸಿಯೇ ಹಾಕಿಸಲಾಗಿತ್ತು. ಎರಡು ಕಾಲೂ ಮಂಡಿಯ ತನಕ ರಾಶಿಯ ಒಳಗೆ, ಅದರ ಮೇಲೆ ಗೋಣಿ. ಕೈಯಲ್ಲಿ ಕಾಗೆ ಓಡಿಸುವ ಉದ್ದ ಕೋಲು, ದ್ವಾರಪಾಲಕನ ಗದೆಯಂತೆ ನೆಟ್ಟಗೆ. ಬಾಯಿ ಅರ್ಧ ತೆರೆದಿತ್ತು. ಮಾವನದೆಂದು ಅವಳು ದೂರುತ್ತಿದ್ದ ಗೊರಕೆ ವಂಶಪಾರಂಪರ್ಯವಾಗಿ ಎಲ್ಲಿಂದ ಬಂದದ್ದು ಎಂಬುದು ಆವತ್ತು ಸ್ಪಷ್ಟವಾಯಿತು. ಕಾಗೆಗಳು ಚಾಪೆಯ ಮೇಲೆ ಸಂತೆ ನೆರೆದಿದ್ದವು. ಮನೆಯ ಕೆಲಸಕ್ಕೆ ಬರುತ್ತಿದ್ದ ಗುಲಾಬಿ ಬಾಯಿಂದ ಸದ್ದು ಹೊರಡಿಸದೆ, ಸೆರಗು ಬೀಸಿ ಬೀಸಿ ಅವನ್ನು ಓಡಿಸುತ್ತಿದ್ದಳು. ನಾನು ಹತ್ತಿರ ಹೋದದ್ದೇ ಕೋಲು ಅಲುಗಿತು. ರಾಶಿಯ ಒಳಗೆ ಕಾಲ್ಬೆರಳುಗಳೂ ಅಲುಗಿ, ಕೆಲಸ ಜಾರಿಯಲ್ಲಿದೆಯೆಂಬುದಕ್ಕೆ ಸಾಕ್ಷಿಯಾಗಿ ನಾಲ್ಕು ಕಾಳು ಜಾರಿದವು.

"ಎಂತ ಮಾಡ್ತಾ ಇದ್ದೆ ಅಮ್ಮಮ್ಮ?"

"ಕಾಂತಿಲ್ಯಾ? ಭತ್ತ ಆರುಕೆ ಕಾಯ್ತಾ ಇದ್ದೆ."

"ಕಣ್ ಮುಚ್ಕಂಡಾ?"

"ಭತ್ತ ಆರುಕೆ ಕಣ್ಣೆಂತಕೆ?"

ನನ್ನ ಕೈ ತಾನಾಗಿಯೇ ಕಿವಿಗೆ ಹೋಯಿತು. ಗುಲಾಬಿ ನನ್ನನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡು ಹೋದಳು.

"ಸುಮ್ನಿರ್ ಮಗಾ. ಈ ಕಾಕಿಗಳಿಗೆ ಗೊತ್ತಾರೆ ಗೊತ್ತಾಯ್ಲಿ, ಮನ್ಯರಿಗೆ ಬ್ಯಾಡ. ನಿನ್ ಅಮ್ಮಮ್ಮ ಕಣ್ ಮುಚ್ಚುದ್ ಈ ಒಂದ್ ಜಾಗ್ದಗೇ."

ನಾನು ಸುಮ್ಮನಿದ್ದೆ. ಸುಮ್ಮನಿದ್ದು ನೋಡಿದ ಮೇಲೆ ಇನ್ನಷ್ಟು ತಿಳಿಯಿತು. ಇಡೀ ತಿಂಗಳಿಗೆ ಬೇಕಾದ ಭತ್ತವನ್ನು ಒಂದೇ ಸಲ ಬೇಯಿಸುವುದು ನಮ್ಮ ಮನೆಯ ಹಳೆಯ ಕ್ರಮ. ಅದನ್ನು ಅಮ್ಮಮ್ಮ ಸದ್ದಿಲ್ಲದೆ ತಿದ್ದುಪಡಿ ಮಾಡಿದ್ದಳು. ಸ್ವಲ್ಪ ಸ್ವಲ್ಪವೇ, ಮೂರು ದಿನಕ್ಕೋ ನಾಲ್ಕು ದಿನಕ್ಕೋ ಒಮ್ಮೆ ಬೇಯುತ್ತಿತ್ತು. ಬೇಯಿಸಿದ ದಿನ ರಾಶಿಯ ಬಿಸಿ, ಮರುದಿನ ಬಿಸಿಲಿಗೆ ಕಾದ ಭತ್ತದ ಬಿಸಿ. ಮಳೆಗಾಲದಲ್ಲಿ ಮಾತ್ರ ಈ ಸವಲತ್ತು ಇಲ್ಲ. ಆಷಾಢದಲ್ಲಿ ಅವಳ ಕೋಪ ಹೆಚ್ಚು ಎಂದು ನಾವೆಲ್ಲ ಅಂದುಕೊಂಡದ್ದಕ್ಕೆ ಕಾರಣ ಇದೇ ಇರಬೇಕು. ತನ್ನ ಕಾನೂನನ್ನು ತಾನೇ ಮುರಿಯುತ್ತಿದ್ದಾಳೆ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ. ಕಾನೂನು ಮಾಡಿದವಳು ಕೋಲನ್ನು ಕೈಬಿಡದೆ, ಬೆರಳನ್ನು ಆಡಿಸುತ್ತಾ, ಕೆಲಸಕ್ಕೂ ಸುಖಕ್ಕೂ ನಡುವಿನ ಗೆರೆಯ ಮೇಲೆಯೇ ಕೂತು ನಿದ್ದೆ ಮಾಡುವುದಿದೆಯಲ್ಲ, ಆ ಸಾಹಸದ ಮುಂದೆ ನನ್ನ ಕಿವಿಯ ಲೆಕ್ಕ ಚುಕ್ತಾ ಆಯಿತು.

ಕಷ್ಟ ಬಂದದ್ದು ಕಟ್ಟಿಗೆಯ ದಾರಿಯಿಂದ. ಮಾವ ಒಂದು ದಿನ ಕಟ್ಟಿಗೆ ಕೊಟ್ಟಿಗೆಯ ಮುಂದೆ ನಿಂತು ಬಹಳ ಹೊತ್ತು ನೋಡಿದ.

"ಒಂದ್ ಸಲ ಬೇಯ್ಸೂ ಭತ್ತ ಎಂಟ್ ಸಲ ಬೇಯ್ಸುದೆಂತಕೆ ಅಮ್ಮ? ಕಟ್ಗಿ ಎಂತ ಮಳಿಗೆ ಹುಟ್ಟತ್ತಾ?"

"ಚೂರ್ ಚೂರ್ ಬೇಯ್ಸಿರೆ ಹದ ಬತ್ತ್."

"ಹದ ಬೇಕಾರೆ ಗಿರಣಿಗ್ ಕೊಡುವ. ಈಗ ಕುಂದಾಪ್ರದಗೆ ಗಿರಣಿಯರೇ ಬೇಯ್ಸಿ, ಒಣ್ಸಿ, ಅಕ್ಕಿ ಮಾಡಿ ಕೊಡ್ತ್ರ್. ನಿಂಗೂ ಗುಲಾಬಿಗೂ ಬಿಡ್ತಿ."

ಅಲ್ಲಿಯ ತನಕ ಬೇಯಿಸಿ ಒಣಗಿಸಿದ ಭತ್ತವನ್ನು ಸಿಪ್ಪೆ ಬಿಡಿಸಲು ಮಾತ್ರ ಗಿರಣಿಗೆ ಕಳಿಸುತ್ತಿದ್ದೆವು. ಮಾವನ ಯೋಜನೆಯಲ್ಲಿ ದೋಷ ಹುಡುಕುವುದು ಕಷ್ಟ. ತಾಯಿಗೆ ವಿಶ್ರಾಂತಿ ಕೊಡಬೇಕೆಂಬ ಒಳ್ಳೆಯ ಮಗನ ಒಳ್ಳೆಯ ಯೋಚನೆ ಅದು. ತಾಯಿಯ ಏಕೈಕ ವಿಶ್ರಾಂತಿಯ ಬುಡಕ್ಕೇ ಅವನು ಕತ್ತಿ ಇಡುತ್ತಿದ್ದಾನೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಅಮ್ಮಮ್ಮ ನಿಜವಾದ ಕಾರಣವೊಂದನ್ನು ಬಿಟ್ಟು ಬೇರೆಲ್ಲ ಕಾರಣ ಹೇಳಿದಳು. ಗಿರಣಿಯಲ್ಲಿ ಯಾರ್ಯಾರದೋ ಭತ್ತ ಬೆರೆಸುತ್ತಾರೆ. ನೀರು ಬದಲಿಸುವುದಿಲ್ಲ. ಅಕ್ಕಿ ವಾಸನೆ ಬರುತ್ತದೆ. ಬೊಂಬಾಯಿಯಲ್ಲಿ ಗಿರಾಕಿಗಳ ಬಾಯಿರುಚಿ ಅಳೆದ ಮಾವ ಪರೀಕ್ಷೆಯನ್ನೇ ಏರ್ಪಡಿಸಿದ. ಎರಡು ಬಟ್ಟಲು ಗಂಜಿ, ಒಂದು ಮನೆಯದು, ಒಂದು ಗಿರಣಿಯದು. ಯಾವುದು ಯಾವುದೆಂದು ಬಡಿಸಿದ ಅಮ್ಮನಿಗೆ ಮಾತ್ರ ಗೊತ್ತು. ಅಮ್ಮಮ್ಮ ಎರಡನ್ನೂ ಉಂಡಳು. ಉಪ್ಪಿನಕಾಯಿ ನೆಕ್ಕಿದಳು. ಮತ್ತೆ ಎರಡನ್ನೂ ಉಂಡಳು.

"ಇದೇ ಲಾಯ್ಕ್. ಇದ್ ನಮ್ದ್."

ಅದು ಗಿರಣಿಯದು. ಅಮ್ಮ ಸೌಟು ನೋಡುತ್ತಾ ನಿಂತದ್ದು ನನಗೆ ಈಗಲೂ ಕಾಣುತ್ತದೆ. ಅಮ್ಮನ ಮುಖ ಕಂಡೇ ವಿಷಯ ತಿಳಿದ ಅಮ್ಮಮ್ಮ ಒಂದು ಕ್ಷಣ ಬಟ್ಟಲನ್ನೇ ದಿಟ್ಟಿಸಿದಳು. ಮಾತು ತಿರುಗಿಸುವುದು ಅವಳಿಗೆ ಏನೂ ಕಷ್ಟವಿರಲಿಲ್ಲ. ತಿರುಗಿಸಿದ್ದರೆ ಅವಳ ನಿದ್ದೆ ಉಳಿಯುತ್ತಿತ್ತು.

"ಹಾಂಗಾರೆ ಗಿರಣಿಯರ್ ಲಾಯ್ಕ್ ಮಾಡ್ತ್ರ್" ಎಂದಳು. ಉಂಡು ಕೈತೊಳೆದಳು.

ಕೊಪ್ಪರಿಗೆಯನ್ನು ತೊಳೆದು ಹಟ್ಟಿಯ ಹಿಂದೆ ಬೋರಲು ಹಾಕಿದರು. ಅಂಗಳ ಬಯಲಾಯಿತು. ಕಾಗೆಗಳು ಕೆಲವು ದಿನ ಬಂದು ಅಡುಗೆಮನೆಯ ಮಾಡಿನ ಮೇಲೆ ಕೂತು, ನಮ್ಮ ಮನೆ ಬಿದ್ದುಹೋಯಿತೆಂದು ತಿಳಿದು ಬೇರೆ ಕಡೆ ಹೋದವು. ಅಮ್ಮಮ್ಮ ಮೊದಲಿನಂತೆಯೇ ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಕಾಲ ಕೆಳಗೆ ಏನೂ ಇರಲಿಲ್ಲ. ಕಣ್ಣು ಮುಚ್ಚುತ್ತಿದ್ದಳು, ತೆರೆಯುತ್ತಿದ್ದಳು. ಕೆಲವು ವಾರಗಳಲ್ಲಿ ಅವಳ ಮುಖ ಸಣ್ಣದಾಯಿತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಅಮ್ಮನನ್ನು ಗುಲಾಬಿ ಎಂದಳು, ಗುಲಾಬಿಯನ್ನು ಬೈಯುವುದನ್ನೇ ಮರೆತಳು. ಗುಲಾಬಿ ಅದಕ್ಕೆ ಅತ್ತಳು. ಒಂದು ಮಧ್ಯಾಹ್ನ ಊಟ ಮುಗಿದ ಮೇಲೆ ಅಮ್ಮಮ್ಮ ಸೊಂಟದಿಂದ ಭತ್ತದ ಕೋಣೆಯ ಬೀಗದ ಕೈ ಬಿಚ್ಚಿ ಅಮ್ಮನ ಮುಂದೆ ಇಟ್ಟಳು. ಅದು ಆ ಸೊಂಟವನ್ನು ಬಿಟ್ಟದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

"ಇನ್ನ್ ನೀನೇ ಕಾಣ್. ನನ್ ತಲಿ ಸಮ ಇಲ್ಲೆ."

ಅಮ್ಮ ಆ ಕೀಲಿಯನ್ನು ಮುಟ್ಟಲಿಲ್ಲ. ಮಾವ ಎದ್ದು ಉಪ್ಪರಿಗೆಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದ. ಹಪ್ಪಳಗಳ ನಡುವೆ ಮಂಚದ ಮೇಲೆ ಕೂತಿದ್ದ, ಕಾಲನ್ನು ನೆಟ್ಟಗೆ ಚಾಚಿಕೊಂಡು.

"ಹೆಣೆ, ನೀನ್ ಯಾವಾಗ್ಳೂ ಅಮ್ಮಮ್ಮನ್ ಬೆನ್ನಿಗೇ ಇಪ್ಪುದ್. ಅವ್ಳಿಗ್ ಎಂತ ಆಯ್ತ್?"

ಹೇಳಿದರೆ ಅಮ್ಮಮ್ಮನ ಕಲಮಿಗೆ ಅಮ್ಮಮ್ಮನನ್ನೇ ಸಿಕ್ಕಿಸಿದಂತೆ. ಹೇಳದಿದ್ದರೆ ಆ ಕೀಲಿ ಅಲ್ಲಿಯೇ ಬಿದ್ದಿರುತ್ತದೆ. ಹೇಳಿದೆ. ಜಗಲಿ, ರಾಶಿ, ಗೋಣಿ, ಕೋಲು, ಗೊರಕೆ, ಒಂದನ್ನೂ ಬಿಡದೆ ಹೇಳಿದೆ. ಮಾವ ನಗಬಹುದು, ಇಲ್ಲವೇ ಸಿಟ್ಟಾಗಬಹುದು ಎಂದುಕೊಂಡಿದ್ದೆ. ಅವನು ತನ್ನ ಮಂಡಿಯ ಮೇಲೆ ಕೈಯಿಟ್ಟುಕೊಂಡು, ವ್ಯಾಪಾರದ ಮಾತಿನಂತೆ ಕೇಳಿದ.

"ಬಿಸಿ ಎಷ್ಟೊತ್ತ್ ಇರತ್ತ್?"

"ಗೋಣಿ ಮುಚ್ಚಿರೆ ಸುಮಾರೊತ್ತ್ ಇರತ್ತ್."

"ಗಂಟ್ ಮುಚ್ಚುವಷ್ಟ್ ಎತ್ರ ಬತ್ತಾ?"

"ಬತ್ತ್."

"ಹೂಂ" ಎಂದ. "ಯಾರತ್ರೂ ಹೇಳ್ಬೇಡ."

ಮರುದಿನ ಗಂಜಿಗೆ ಕೂತಾಗ ಮಾವ ಒಂದು ತುತ್ತು ಉಂಡು ಬಟ್ಟಲು ಸರಿಸಿದ. ಅವನು ನಾಟಕದಲ್ಲಿ ಪಾತ್ರ ಮಾಡಿದವನಲ್ಲ, ಅದು ಎದ್ದು ಕಾಣುತ್ತಿತ್ತು.

"ಗಿರಣಿ ಅಕ್ಕಿ ಎಂತದೋ ವಾಸ್ನಿ."

"ವಾಸ್ನಿ ಇಲ್ಲೆ. ಲಾಯ್ಕಿತ್ತ್" ಎಂದಳು ಅಮ್ಮಮ್ಮ. ಸುಳ್ಳು ಜಯ ಅವಳಿಗೆ ಬೇಕಿರಲಿಲ್ಲ.

ಮಾವ ಸೋತು, ಸರಿಸಿದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ. ಮತ್ತೆ ಬೇರೆ ದಾರಿ ಹಿಡಿದ.

"ಅಕ್ಕಿ ಸಂಗ್ತಿ ಬಿಡ್. ಮನೆಯಗೇ ಬೇಯ್ಸುವ ಅಂದೇಳಿ ಮಾಡಿದ್ದೆ. ಆರೆ ಒಂದ್ ತೊಂದ್ರಿ ಇತ್ತ್. ಬೆಂದ್ ಭತ್ತದ್ ಬಿಸಿ ಇಳೂವರಿಗೆ ಯಾರಾರೂ ರಾಶಿಗೆ ಕಾಲ್ ಹಾಯ್ಕಂಡ್ ಕೂಕಣ್ಕ್. ಇಲ್ದಿರೆ ಒಳ್ಗೆ ಬೆವ್ರಿ ಹುಳಿ ಬತ್ತ್. ಗುಲಾಬಿಗ್ ಪುರ್ಸೊತ್ತಿಲ್ಲ."

ಇಂಥದೊಂದು ಕ್ರಮ ಕುಂದಾಪುರದಲ್ಲಾಗಲಿ ಬೈಂದೂರಿನಲ್ಲಾಗಲಿ ಯಾರ ಮನೆಯಲ್ಲೂ ಇರಲಿಲ್ಲ. ಅಮ್ಮಮ್ಮ ನನ್ನ ಕಡೆ ಒಮ್ಮೆ ನೋಡಿದಳು. ನಾನು ಗಂಜಿಯಲ್ಲಿ ಮುಳುಗಿದೆ. ಅವಳು ಮಗನ ಕಡೆ ತಿರುಗಿದಳು.

"ಕೂಕಂಬುದ್ ಕೆಲ್ಸವಾ?"

"ಕೆಲ್ಸವೇ. ಇಬ್ರ್ ಬೇಕಾತ್ತ್. ಒಬ್ಬ ನಾನ್ ಕೂಕಂತೆ."

ಮಗ ಬಟ್ಟಲಿನ ಮುಂದೆ ಕಾಲು ಮಡಚದೆ, ಒಂದು ಬದಿಗೆ ಚಾಚಿಕೊಂಡು ಕೂತಿದ್ದಾನೆಂಬುದು ಆಗ ಅವಳ ಕಣ್ಣಿಗೆ ಬಿತ್ತು. ಎಷ್ಟು ದಿನದಿಂದ ಹಾಗೆ ಕೂರುತ್ತಿದ್ದನೋ! ಇಡೀ ಮನೆಯ ಕೆಮ್ಮನ್ನೆಲ್ಲ ಎಣಿಸಿದವಳು ಇದೊಂದನ್ನು ಕಂಡಿರಲಿಲ್ಲ.

"ನಿಂಗೂ ಕಾಲ್ ನೋಯ್ತನಾ?" ಎಂದು ಕೇಳಿದಳು. 'ಇಲ್ಲೆ' ಜೊತೆಗಿಲ್ಲದೆ ಆ ಪದ ಅವಳ ಬಾಯಿಂದ ಬಂದದ್ದು ಅದೇ ಮೊದಲು, ಅದೂ ಬೇರೆಯವರ ಕಾಲಿನ ವಿಷಯಕ್ಕೆ.

"ನೋವೆಲ್ಲ ಇಲ್ಲೆ" ಎಂದ ಮಾವ. "ಚೂರ್ ಬಿಗಿ."

ಕೊಪ್ಪರಿಗೆ ಮತ್ತೆ ಮೊಗ ಮೇಲಾಗಿ ಒಲೆಯೇರಿತು. ಗುಲಾಬಿ ರಾಶಿಯನ್ನು ಈ ಸಲ ಉದ್ದಕ್ಕೆ ಹಾಕಿದಳು. ಕೈಯಿಟ್ಟು ನೋಡಿ, ಸುಡುವ ಬಿಸಿ ಇಳಿದಿದೆ ಎಂದು ಸನ್ನೆ ಮಾಡಿದಳು. ಅಮ್ಮಮ್ಮ ಕಂಬದ ಹತ್ತಿರದ ತನ್ನ ಜಾಗದಲ್ಲಿ ಕೂತಳು. ಮಾವ ಪಂಚೆ ಎತ್ತಿ ಕಟ್ಟಿಕೊಂಡು ಬಂದು ಪಕ್ಕದಲ್ಲಿ ಕೂರಲು ಹೋದ. ಕೋಲು ಅವನಿಗೆ ಅಡ್ಡ ಬಂತು.

"ಕಾಲ್ ತೊಳ್ಕಂಡ್ ಬಾ. ಅನ್ನ ಅದ್."

ತೊಳೆದುಕೊಂಡು ಬಂದ. ತಾಯಿ ಮಗ ಇಬ್ಬರೂ ಅಕ್ಕಪಕ್ಕ ಕೂತು, ಸ್ವಲ್ಪ ಹೊತ್ತು ಬಹಳ ಜವಾಬ್ದಾರಿಯಿಂದ ಬೆರಳು ಆಡಿಸಿದರು. ಮಾವನ ಬೆರಳು ಮೊದಲು ನಿಂತಿತು. ಅವನ ತಲೆ ವಾಲುತ್ತಾ ಬಂದು ತಾಯಿಯ ಹೆಗಲಿಗೆ ತಾಗಿದ್ದನ್ನು ಅಮ್ಮಮ್ಮ ನೋಡಿದಳು, ಸರಿಸಲಿಲ್ಲ. ಆಮೇಲೆ ಅವಳದೂ ನಿಂತಿತು. ಎರಡು ಗೊರಕೆಗಳು ಕೂಡಿ ನಿಜಕ್ಕೂ ಅಂಗಳಕ್ಕೆ ಬಸ್ಸು ಬಂದಂತಾಯಿತು. ಕಾಗೆಗಳಿಗೆ ಸುದ್ದಿ ಹೇಗೆ ಮುಟ್ಟಿತೋ, ಎಲ್ಲವೂ ಬಂದಿದ್ದವು. ಗುಲಾಬಿ ಒಂದು ಕಡೆ, ನಾನು ಒಂದು ಕಡೆ ನಿಂತು ಸದ್ದಿಲ್ಲದೆ ಬಟ್ಟೆ ಬೀಸಿದೆವು. ಅಮ್ಮ ಒಳಗಿನಿಂದ ಬಂದು, ಅಷ್ಟು ದಿನ ಇಟ್ಟಲ್ಲೇ ಇದ್ದ ಬೀಗದ ಕೈಯನ್ನು ಅಮ್ಮಮ್ಮನ ಮಡಿಲಿನಲ್ಲಿ ಇಟ್ಟು ಹೋದಳು. ಎಚ್ಚರವಾದ ಮೇಲೆ ಅಮ್ಮಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಭತ್ತ ಸರಿಯಾಗಿ ಹರಡಿಲ್ಲವೆಂದು ಗುಲಾಬಿಯನ್ನು ಬೈದಳು. ಗುಲಾಬಿ ಸಂತೋಷದಿಂದ ಬೈಸಿಕೊಂಡಳು.

ಈಗ ನನಗೂ ಆ ವಯಸ್ಸು. ಡಾಕ್ಟರರು ಮೊಣಗಂಟನ್ನು ಒತ್ತಿ, ನೋವಿದೆಯಾ ಎಂದು ಕೇಳಿದಾಗ ನನ್ನ ಬಾಯಿಂದ ಬರುವ ಉತ್ತರ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಅವರು ಅದನ್ನು ಬರೆದುಕೊಳ್ಳುವುದೂ ಇಲ್ಲ.

ಅಮ್ಮಮ್ಮ ಇರುವ ತನಕ ನಮ್ಮ ಮನೆಯ ಭತ್ತ ಅಂಗಳದಲ್ಲೇ ಬೆಂದಿತು.